ಟೆಂಪೋ ಹತ್ತದ ಕೆಂಪಿ

ಮಾಕಳಿ

ನಮ್ಮ ಕೆಂಪಿ ನೇಪಾಳಕ್ಕೆ ಹೋಗಿ ಬಂತು. ಜೊತೆಯಲ್ಲಿ ಅಣ್ಣ ಮತ್ತು ನಾನು ಹೋಗಿದ್ದೆವು. ಈ ಕ್ರಮದಲ್ಲೇ ಹೇಳಬೇಕು, ಏಕೆಂದರೆ ನಾವು ಹೊರಟಿದ್ದೇ ಕೆಂಪಿಯ ಸಲುವಾಗಿ.

ಕೆಂಪಿ ಅಂದರೆ ಅಣ್ಣನ ಬೈಕು. ಕಾರ್ಬುರೇಟರ್ ಇರುವ ಹಳೆಯ ಕಾಲದ್ದು. ಅಣ್ಣ ಸರ್ಕಾರಿ ಕಾರ್ಖಾನೆಗೆ ಸೇರಿದ ಹೊಸತರಲ್ಲಿ ತಂದದ್ದು. ಅವನು ನಿವೃತ್ತನಾದ, ಅದು ಆಗಲಿಲ್ಲ. ಮಾಕಳಿಯಲ್ಲಿ ಈಗ ಅಣ್ಣನ ಮನೆ ಇರುವ ಜಾಗದಲ್ಲಿ ಮೊದಲು ಕೊಟ್ಟಿಗೆ ಇತ್ತು, ಕೊಟ್ಟಿಗೆಯಲ್ಲಿ ಕೆಂಪಿ ಎಂಬ ಹಸು ಇತ್ತು. ಕೊಟ್ಟಿಗೆ ಕೆಡವಿ ಒಂದರ ಮೇಲೊಂದರಂತೆ ಬಾಡಿಗೆ ಮನೆ ಎಬ್ಬಿಸಿದಾಗ ಹಸು ನಿಲ್ಲುತ್ತಿದ್ದ ಮೂಲೆ ಮೆಟ್ಟಿಲ ಕೆಳಗಿನ ಜಾಗವಾಯಿತು. ಅಲ್ಲಿ ಬೈಕು ನಿಂತಿತು, ಹಸುವಿನ ಹೆಸರೂ ಅದಕ್ಕೇ ಬಂತು.

ಆ ಮೂಲೆಯ ಮೇಲೆ ಅತ್ತಿಗೆಯ ಕಣ್ಣಿತ್ತು. ಬಾಡಿಗೆಗಿರುವ ಹುಡುಗಿಯರು ದಿನಾ ಬಂದು "ಆಂಟಿ, ನಮ್ಮ ಸ್ಕೂಟರ್ ಬೀದೀಲೇ ನಿಲ್ಸ್ಬೇಕಾ?" ಎಂದು ಕೇಳುತ್ತಿದ್ದರು. ಅತ್ತಿಗೆ ಅಣ್ಣನಿಗೆ ಗುಜರಿಯವನ ಹೆಸರು ಹೇಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು.

"ಗುಜರಿನಾ? ಹಿಮಾಲಯಾನೇ ಹತ್ತಿಸ್ತೀನಿ ಕಣೇ ಇದ್ನ," ಎಂದ ಅಣ್ಣ.

ಅತ್ತಿಗೆ ಸಾರಿನ ಸೌಟು ಕೆಳಗಿಟ್ಟರು. "ಹತ್ಸಿ ನೋಡಣ. ಮುಕ್ತಿನಾಥಕ್ಕೆ ಹೋಗ್ಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಿದೀರಲ್ಲ, ಹೋಗಿ. ಬೆಟ್ಟ ತನ್ನ ಚಕ್ರದ ಮೇಲೆ ಹತ್ತಿ, ತನ್ನ ಚಕ್ರದ ಮೇಲೆ ಇಳೀಲಿ. ಆ ಮೂಲೆ ಅದಕ್ಕೇ ಬರ್ದುಕೊಡ್ತೀನಿ. ದಾರೀಲಿ ಒಂದ್ಸಲ ಟೆಂಪೋ ಹತ್ಸಿದ್ರೋ, ಬಂದ ಮಾರನೇ ದಿನ ಗುಜರಿ. ಪದ್ದಮ್ಮ ಜೊತೇಲಿ ಹೋಗ್ಲಿ. ನೀವು ಸುಳ್ಳು ಹೇಳಿದ್ರೂ ಅವಳು ಹೇಳಲ್ಲ."

ಪದ್ದಮ್ಮ ಅಂದರೆ ನಾನು. ಹೀಗೆ ನಾನು ಸಾಕ್ಷಿಯಾಗಿ ಹಿಂದಿನ ಸೀಟು ಹತ್ತಿದೆ. ಸುಳ್ಳು ಹೇಳುವುದಿಲ್ಲ ಎಂದು ಹೊಗಳಿಸಿಕೊಂಡವರಿಗೆ ಇಂಥ ಕೆಲಸವೇ ಸಿಗುವುದು.

ಬರೀ ಸಾಕ್ಷಿಯಾಗಿದ್ದರೆ ಚೆನ್ನಾಗಿತ್ತು, ನಾನು ಉಡುಗೊರೆಯನ್ನೂ ಕೊಟ್ಟೆ. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಗ್ಯಾಸ್ ಒಲೆಗೆ ಹಾಕುವ ಹಿತ್ತಾಳೆಯ ಜೆಟ್ ಮಾಡುತ್ತೇವೆ. ಕಿರುಬೆರಳ ತುದಿಯಷ್ಟು ತುಂಡು, ನಡುವೆ ಸೂಜಿ ತೂರುವಷ್ಟು ತೂತು, ಆ ತೂತಿನಿಂದ ಗ್ಯಾಸ್ ಬರುತ್ತದೆ. ತೂತು ದೊಡ್ಡದಾದರೆ ಉರಿ ದೊಡ್ಡದು, ಇಷ್ಟೇ ನನಗೆ ಅನ್ನ ಕೊಟ್ಟ ವಿದ್ಯೆ. ಪೆಟ್ರೋಲಿಗೆ ಗಾಳಿ ಬೆರೆಸುವ ಬೈಕಿನ ಕಾರ್ಬುರೇಟರ್ ಒಳಗೂ ಅಂಥದೇ ಒಂದು ಜೆಟ್ ಇದೆ, ಅದರಲ್ಲಿ ಪೆಟ್ರೋಲ್ ಬರುತ್ತದೆ. ಬೆಟ್ಟ ಹತ್ತುವ ಗಾಡಿಗೆ ದೊಡ್ಡ ಉರಿ ಬೇಡವೇ? ಹಾಗೆಂದು ನಾನೇ ಲೇತ್ ಮುಂದೆ ನಿಂತು ಕೆಂಪಿಯ ಅಳತೆಗೆ, ತೂತು ಮಾತ್ರ ಒಂದಕ್ಕಿಂತ ಒಂದು ದೊಡ್ಡದು ಮಾಡಿ, ಎರಡು ಜೆಟ್ ತಯಾರಿಸಿದೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಣಮ್ಮಿ ತಂಗಿ ಅಂದ್ರೆ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಹೆಮ್ಮೆಯಾಯಿತು.

ಸೋನೌಲಿ

ಗೋರಖಪುರದ ತನಕ ಕೆಂಪಿ ರೈಲಿನಲ್ಲಿ ಬಂತು. ರೈಲು ಲೆಕ್ಕಕ್ಕಿಲ್ಲ, ಬೆಟ್ಟದ್ದು ಮಾತ್ರ ಲೆಕ್ಕ ಎಂದು ಅತ್ತಿಗೆಯಿಂದ ಮೊದಲೇ ಅಪ್ಪಣೆ ಪಡೆದಿದ್ದೆವು. ಮೈತುಂಬ ಗೋಣಿ ಸುತ್ತಿಸಿಕೊಂಡು, ಮುಖ ಮಾತ್ರ ಹೊರಗೆ ಬಿಟ್ಟುಕೊಂಡು, ಬಾಣಂತಿಯ ಹಾಗೆ ಇಳಿಯಿತು.

ಸೋನೌಲಿಯ ಗಡಿ ಎಂದರೆ ಏನೋ ಅಂದುಕೊಂಡಿದ್ದೆ. ಒಂದು ಕಮಾನು, ಅದರ ಕೆಳಗೆ ಸೈಕಲ್ ರಿಕ್ಷಾ, ಎಮ್ಮೆ, ಬಾಳೆಹಣ್ಣಿನ ಗಾಡಿ. ಆ ಕಡೆಗೂ ಈ ಕಡೆಗೂ ಒಂದೇ ಧೂಳು. ನಮ್ಮ ಗೊರಗುಂಟೆಪಾಳ್ಯದ ಜಂಕ್ಷನ್ ದಾಟುವುದು ಇದಕ್ಕಿಂತ ಕಷ್ಟ. ಆ ಕಡೆಯ ಅಧಿಕಾರಿ ಕೆಂಪಿಯನ್ನು ಸುತ್ತು ಹಾಕಿ ನೋಡಿ, ಇಷ್ಟು ಹಳೆಯ ಗಾಡಿಯಲ್ಲಿ ಎಲ್ಲಿಗೆ ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣನ ಹಿಂದಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಲಿತದ್ದು. "ಗಾಡಿ ಪುರಾನಾ ಸಾಬ್, ಲೇಕಿನ್ ದಮ್ ಐತೆ," ಎಂದ. ಅವರು ನಕ್ಕು ಕೈ ಬೀಸಿದರು. ದಮ್ಮು ಎಷ್ಟಿದೆ ಎಂದು ಅವರು ಪರೀಕ್ಷಿಸಲಿಲ್ಲ.

ತಾತೋಪಾನಿ

ಬಯಲು ಮುಗಿದು ಬೆಟ್ಟ ಶುರುವಾದ ಮೇಲೂ ಕೆಂಪಿ ಚೆನ್ನಾಗಿಯೇ ಓಡಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆಲ್ಲೋ ಕಾಳಿ ಗಂಡಕಿ ನದಿ. ತಿರುವು ಬಂದಾಗಲೆಲ್ಲ ಬಸ್ಸು ಜೀಪುಗಳು ಹಾರ್ನ್ ಹೊಡೆಯುತ್ತವೆ. ನಮ್ಮೂರಲ್ಲಿ ಹಾರ್ನ್ ಹೊಡೆಯುವುದು ಎದುರಿನವನನ್ನು ಬೈಯಲಿಕ್ಕೆ. ಇಲ್ಲಿ ಅದು 'ನಾನು ಬರ್ತಿದೀನಿ, ನೋಡ್ಕೊಳಪ್ಪ' ಎನ್ನುವ ಮಾತು. ಕೆಲವು ಬಸ್ಸುಗಳ ಹಾರ್ನಿಗೆ ರಾಗವೂ ಇತ್ತು.

ದಾರಿಯಲ್ಲಿ ಎರಡು ಸಲ ಕೇಳಿದೆ. "ಅಣ್ಣ, ಒಸಿ ನಂಗೂ ಕೊಡು, ಓಡಿಸ್ತೀನಿ."

"ನೀನು ಸ್ಕೂಟ್ರೋಳು. ಸುಮ್ಕೆ ಕೂತ್ಕೊ."

ನನಗೆ ಗೇರ್ ಗಾಡಿಯ ಲೈಸೆನ್ಸ್ ಇದೆ. ಕಲಿಸಿದವನು ಇವನೇ, ಇದೇ ಕೆಂಪಿಯ ಮೇಲೆ, ಮಾಕಳಿಯ ಕೆರೆಯಂಗಳದಲ್ಲಿ. ಆಮೇಲೆ ಇಷ್ಟು ವರ್ಷದಲ್ಲಿ ಒಂದು ಸಲವೂ ಹ್ಯಾಂಡಲ್ ಕೊಟ್ಟವನಲ್ಲ. ಹೆಂಡತಿಯನ್ನಾದರೂ ತವರಿಗೆ ಕಳಿಸುತ್ತಿದ್ದ, ಕೆಂಪಿಯ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ.

ತಾತೋಪಾನಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ. ಅದರಲ್ಲಿ ಕಾಲು ಇಳಿಬಿಟ್ಟು ಬೆನ್ನುನೋವು ಕಳೆದುಕೊಂಡೆವು. ಊಟಕ್ಕೆ ಅನ್ನ, ಬೇಳೆ, ಸೊಪ್ಪಿನ ಪಲ್ಯ. ತಟ್ಟೆಯಲ್ಲಿ ತಳ ಕಂಡರೆ ಸಾಕು, ಬಡಿಸುವಾಕೆ ಮತ್ತೆ ಬಂದು ಹಾಕುತ್ತಾರೆ, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಹಾಕುತ್ತಾರೆ. ನಮ್ಮ ಮದುವೆ ಮನೆಗಳ ನೆನಪಾಯಿತು. ಮುದ್ದೆ ಇಲ್ಲದ ಕೊರಗನ್ನು ಅಣ್ಣ ಅನ್ನದಲ್ಲೇ ತೀರಿಸಿಕೊಂಡ. ನಾನೂ ಬ್ಯಾಗಿನಿಂದ ಚಟ್ನಿಪುಡಿ ತೆಗೆದು, ಇನ್ನೂ ತಿನ್ನು, ಬೆಟ್ಟ ಹತ್ತಬೇಕು ಎಂದು ಹಾಕಿದೆ. ತಿಂದರೆ ಶಕ್ತಿ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ.

ಮಾರ್ಫಾ ದಾರಿ

ಎತ್ತರ ಏರಿದ ಹಾಗೆ ಕೆಂಪಿಯ ಸದ್ದು ಬದಲಾಯಿತು. ಥ್ರಾಟಲ್ ತಿರುಗಿಸಿದರೆ ಮುಂದೆ ಹಾರುವ ಬದಲು ಗೊರಗೊರ ಎನ್ನುತ್ತಿತ್ತು. ಮೂರನೇ ಗೇರಿಗೆ ಹಾಕಿದರೆ ನಿಂತುಹೋಗುತ್ತಿತ್ತು. ನಿಂತರೆ ಅಣ್ಣ ಇಳಿದು ಕಿಕ್ ಹೊಡೆಯಬೇಕು. ಹೊಡೆದ, ಹೊಡೆದ, ಬೆವರಿದ. ಆ ಗಾಳಿಯಲ್ಲಿ ನಾಲ್ಕು ಹೆಜ್ಜೆ ಬೇಗ ಇಟ್ಟರೂ ಏದುಸಿರು ಬರುವಾಗ ಇವನು ಕಿಕ್ ಹೊಡೆಯುವುದನ್ನು ನೋಡಲು ಸಂಕಟವಾಗುತ್ತಿತ್ತು.

ಒಂದು ಏರಿನಲ್ಲಿ ಹೀಗೆ ನಿಂತಿದ್ದಾಗ ಪಿಕಪ್ ಗಾಡಿಯೊಂದು ಪಕ್ಕಕ್ಕೆ ಬಂತು. ಹಿಂದೆ ಗ್ಯಾಸ್ ಸಿಲಿಂಡರ್‌ಗಳು. ಓಡಿಸುತ್ತಿದ್ದ ಯುವಕ ನಮ್ಮ ನಂಬರ್ ಪ್ಲೇಟ್ ನೋಡಿ ತಲೆ ಹೊರಗೆ ಹಾಕಿದ.

"ಬೆಂಗಳೂರಾ ಅಣ್ಣ? ಊಟ ಆಯ್ತಾ?"

ಅಲ್ಲಿ, ಹಿಮದ ಬೆಟ್ಟಗಳ ಬುಡದಲ್ಲಿ, ಕನ್ನಡದಲ್ಲಿ ಊಟ ಆಯ್ತಾ ಎಂದು ಕೇಳಿಸಿಕೊಂಡರೆ ಏನಾಗುತ್ತದೆ ಎಂದು ಹೇಳುವುದು ಕಷ್ಟ. ನಾನು ಅತ್ತೇಬಿಟ್ಟೆ. ಅವನ ಹೆಸರು ಪ್ರೇಮ್. ಎಲೆಕ್ಟ್ರಾನಿಕ್ ಸಿಟಿಯ ಪೀಜಿಯೊಂದರಲ್ಲಿ ಅಡುಗೆಗಿದ್ದನಂತೆ. "ಚಿತ್ರಾನ್ನ, ಬಿಸಿಬೇಳೆಬಾತ್ ಎಲ್ಲ ಬರುತ್ತೆ ಅಕ್ಕ. ಅಲ್ಲಿ ಟ್ರಾಫಿಕ್ ಜಾಸ್ತಿ, ಇಲ್ಲಿ ಉಸಿರು ಕಮ್ಮಿ, ಅಷ್ಟೇ ವ್ಯತ್ಯಾಸ," ಎಂದ. ಆಮೇಲೆ ಕೆಂಪಿಯ ಕಡೆ ನೋಡಿದ. "ಗಾಡಿ ಹಿಂದೆ ಹಾಕಿ ಸಾರ್. ಕಾರ್ಬುರೇಟರ್ ಗಾಡಿ ಇಲ್ಲಿ ಎಲ್ಲಾದೂ ಇಂಗೇ ಅಳುತ್ತೆ. ತುಂಬಾ ಜನದ್ದು ಹತ್ಸಿದೀನಿ."

ಟೆಂಪೋ ಎಂಬುದು ಈಗ ಕಣ್ಣೆದುರೇ ನಿಂತಿತ್ತು. ಅಣ್ಣ ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ.

"ಬ್ಯಾಡಪ್ಪ. ಇದು ಹತ್ತಿದ್ರೆ ಇದರ ಕತೆ ಮುಗೀತು," ಎಂದು ಅಣ್ಣ ಅತ್ತಿಗೆಯ ಷರತ್ತನ್ನು ಅವನಿಗೆ ವಿವರಿಸಿದ. ಪ್ರೇಮ್ ಬಹಳ ಗಂಭೀರವಾಗಿ ಕೇಳಿಸಿಕೊಂಡ. ಕಾಗಬೇನಿಯಲ್ಲಿ ತನ್ನ ಅಕ್ಕನ ಲಾಡ್ಜ್ ಇದೆ, ಹೇಗಾದರೂ ಅಲ್ಲಿ ತನಕ ಬನ್ನಿ ಎಂದು ಹೇಳಿ ಹೊರಟ.

ಆಗ ನನ್ನ ಉಡುಗೊರೆ ಹೊರಗೆ ಬಂತು. ರಸ್ತೆ ಬದಿಯಲ್ಲಿ ಕಾರ್ಬುರೇಟರ್ ಬಿಚ್ಚಿ ಹಳೆಯ ಜೆಟ್ ತೆಗೆದು ದೊಡ್ಡ ತೂತಿನ ಜೆಟ್ ಹಾಕಿದೆವು. ಹಳೆಯದನ್ನು ಅಣ್ಣ ಅಂಗಿಯ ಜೇಬಿನಲ್ಲಿಟ್ಟ. ಕಿಕ್ ಹೊಡೆದರೆ ಕೆಂಪಿ ಒಂದು ಸಲ ಕೆಮ್ಮಿ, ಹಿಂದಿನಿಂದ ಕಪ್ಪು ಹೊಗೆ ಬಿಟ್ಟು, ಮೊದಲಿಗಿಂತ ಬೇಗ ನಿಂತಿತು. ಸಾಲದೇನೋ ಎಂದು ಇನ್ನೂ ದೊಡ್ಡದನ್ನು ಹಾಕಿದೆವು. ಈಗ ಹೊಗೆ ಇನ್ನೂ ಕಪ್ಪಾಯಿತು. ಸೇಬು ಮಾರುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತರು.

ಕಾಗಬೇನಿ

ಮಧ್ಯಾಹ್ನವಾದರೆ ಆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಬೈಕನ್ನೇ ಪಕ್ಕಕ್ಕೆ ಒತ್ತುವ ಗಾಳಿ, ಬಾಯಿ ತೆರೆದರೆ ಮರಳು. ಏರು ಬಂದಲ್ಲಿ ನಾನು ಇಳಿದು ನಡೆದೆ, ಅಣ್ಣ ಇಳಿದು ತಳ್ಳಿದ. ಮತ್ತೆ ಬಿಚ್ಚುವ ತ್ರಾಣವಿಲ್ಲದೆ, ಆ ದೊಡ್ಡ ಜೆಟ್ಟಿನಲ್ಲೇ ಕೆಮ್ಮಿಸಿಕೊಂಡು ಅಂತೂ ಪ್ರೇಮನ ಅಕ್ಕನ ಲಾಡ್ಜ್ ತಲುಪಿದೆವು. ಆಕೆಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು, ನಾವೂ ಅಂದೆವು. ಅವರು ಬಿಸಿನೀರು ಕೊಟ್ಟು, ಅಣ್ಣನಿಗೆ ನಾನು ಎರಡನೇ ಸಲ ಅನ್ನ ಹಾಕಿಸುತ್ತಿದ್ದುದನ್ನು ನೋಡಿ ನನ್ನ ಕೈ ಹಿಡಿದರು. ಮೇಲೆ ಹೋಗುವವರಿಗೆ ಅರ್ಧ ಹೊಟ್ಟೆ ಸಾಕು ಎಂದರು. ತಲೆ ನೋಯುತ್ತಿದ್ದರೆ ಮುಚ್ಚಿಡಬೇಡಿ, ಇಳಿದುಬಿಡಿ ಎಂದೂ ಹೇಳಿದರು. ಅಣ್ಣ ಎಲ್ಲಕ್ಕೂ "ಜೀ, ಜೀ" ಎಂದ.

ಬೆಳಗ್ಗೆ ಗಾಳಿ ಇರಲಿಲ್ಲ. ಅಂಗಳದಲ್ಲಿ ಕೆಂಪಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಫೋನಿನಲ್ಲಿ ಹುಡುಕಿದ್ದರೆ ತಿಳಿಯುತ್ತಿತ್ತಲ್ಲ ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು. ಹಿಂದಿನ ದಿನದ ಗಾಳಿಗೆ ಲಾಡ್ಜಿನ ಇಂಟರ್ನೆಟ್ ಮಲಗಿತ್ತು.

"ಒಟ್ಟೆ ಉಬ್ರ ಬಂದ ಹಸುವಿನಂಗೆ ಆಡ್ತೈತೆ ಕಣಮ್ಮಿ," ಎಂದ ಅಣ್ಣ. ಅವನ ದನಿಯಲ್ಲಿ ಬಲವಿರಲಿಲ್ಲ. "ಮುಗೀತು ಅನ್ಸತ್ತೆ. ಪ್ರೇಮಂಗೆ ಏಳ್ಬುಡು."

ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯಲ್ಲಿ ಕಪ್ಪು ಮಸಿ, ಒರೆಸಿದರೆ ಬೆರಳಿಗೆ ಮೆತ್ತಿತು. ಆ ಮಸಿ ನನಗೆ ಗೊತ್ತು. ಒಲೆ ಕಂಪನಿಯವರು ಜೆಟ್ ವಾಪಸು ಕಳಿಸುವಾಗ ಹೇಳುವ ದೂರೇ ಅದು: ಉರಿ ಹಳದಿ ಬರುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಅದಕ್ಕೆ ಕಾರಣ ಗ್ಯಾಸ್ ಕಡಿಮೆಯಾಗಿದ್ದಲ್ಲ, ಗಾಳಿ ಕಡಿಮೆಯಾಗಿದ್ದು. ಗಾಳಿ ಸಾಲದ ಕಡೆ ಗ್ಯಾಸ್ ಹೆಚ್ಚಿದಷ್ಟೂ ಮಸಿ ಹೆಚ್ಚು. ಇಲ್ಲಿ ಬೆಟ್ಟದ ಮೇಲೆ ಗಾಳಿಯೇ ತೆಳು. ಕೆಂಪಿಗೆ ಉಸಿರು ಸಾಲದೆ ಒದ್ದಾಡುತ್ತಿದ್ದರೆ ನಾವು ಹಸಿವು ಅಂದುಕೊಂಡು ಪೆಟ್ರೋಲ್ ತುರುಕುತ್ತಿದ್ದೆವು.

"ಅಣ್ಣ, ಉಬ್ಬರ ಬಂದ ಹಸೂಗೆ ಅಪ್ಪ ಏನ್ ಮಾಡ್ತಿದ್ರು?"

"ಏನ್ ಮಾಡದು? ಮೇವು ಮುಂದಿಂದ ತೆಗೀತಿದ್ರು." ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಅರ್ಥವಾಯಿತು. ಜೇಬಿಗೆ ಕೈ ಹಾಕಿ ಹಳೆಯ ಜೆಟ್ ಹೊರತೆಗೆದ.

ಈ ಎತ್ತರಕ್ಕೆ ಅದೂ ದೊಡ್ಡದೇ. ಇನ್ನೂ ಚಿಕ್ಕ ತೂತು ಬೇಕು. ನಮ್ಮ ಕಸುಬಿನಲ್ಲಿ ತೂತು ದೊಡ್ಡದು ಮಾಡುವುದು ಸುಲಭ, ಚಿಕ್ಕದು ಮಾಡಲು ಬ್ರಹ್ಮನಿಗೂ ಆಗುವುದಿಲ್ಲ. ಆ ಹಿತ್ತಾಳೆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ನಾನು ಹಾರ್ನಿನ ವೈರು ಕತ್ತರಿಸಿ, ಒಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದನ್ನು ಎಳೆದು, ಜೆಟ್ಟಿನ ತೂತಿಗೆ ಪೋಣಿಸಿ ಎರಡೂ ತುದಿ ಮಡಿಸಿದೆ. ತೂತಿನಲ್ಲಿ ಎಳೆ ಕೂತರೆ ಪೆಟ್ರೋಲಿಗೆ ಅಷ್ಟು ಜಾಗ ಕಡಿಮೆ. ಪ್ಲಗ್ ಒರೆಸಿ, ಎಲ್ಲ ಜೋಡಿಸಿ, ಅಣ್ಣ ಕಿಕ್ ಹೊಡೆದ. ಕೆಂಪಿ ಶುರುವಾಯಿತು. ಮೊದಲಿನ ಹಾಗಲ್ಲ, ಆದರೆ ನಿಲ್ಲಲಿಲ್ಲ. ದೀದಿ ಅಡುಗೆಮನೆಯಿಂದ ಓಡಿ ಬಂದು ಚಪ್ಪಾಳೆ ತಟ್ಟಿದರು. ಅಣ್ಣ ಟ್ಯಾಂಕಿನ ಮೇಲೆ ಹಣೆ ಇಟ್ಟು ಸುಮ್ಮನೆ ನಿಂತ. ಅದು ಸಂತೋಷಕ್ಕೆ ಎಂದು ನಾನು ತಿಳಿದೆ.

ಮುಕ್ತಿನಾಥ

ಹಾರ್ನಿನ ವೈರನ್ನು ಮತ್ತೆ ಜೋಡಿಸಿದ್ದೆವು. ಮೊದಲನೇ ಕುಲುಕಿಗೇ ಕಳಚಿಕೊಂಡಿತು. ತಿರುವಿಗೊಂದು ಹಾರ್ನ್ ಬೇಕಾದ ರಸ್ತೆಯಲ್ಲಿ ಹಾರ್ನ್ ಇಲ್ಲದ ಗಾಡಿ. ಹೀಗಾಗಿ ಹಾರ್ನ್ ನಾನೇ ಆದೆ. ತಿರುವು ಬಂದ ಕೂಡಲೇ ಅಣ್ಣನ ಹೆಗಲ ಮೇಲಿಂದ "ಹೋಯ್!" ಎಂದು ಕೂಗುವುದು. ಮಾಕಳಿಯಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕರೆದು ಬೆಳೆದ ಗಂಟಲು, ಪೀಣ್ಯದಲ್ಲಿ ಮಿಷಿನ್ ಸದ್ದಿನ ಮೇಲೆ ಮಾತಾಡಿ ಪಳಗಿದ್ದು, ಇಲ್ಲಿ ಉಪಯೋಗಕ್ಕೆ ಬಂತು. ಎದುರಿನ ಜೀಪಿನ ಚಾಲಕನೊಬ್ಬ ತನ್ನ ಹಾರ್ನ್ ಬಿಟ್ಟು "ಹೋಯ್" ಎಂದೇ ಉತ್ತರ ಕೊಟ್ಟ.

ತೀರಾ ಏರು ಇದ್ದಲ್ಲಿ ಇಳಿದು ನಡೆದೆ. ಕೆಂಪಿ ಎರಡನೇ ಗೇರಿನಲ್ಲಿ, ಒಂದನೇ ಗೇರಿನಲ್ಲಿ, ಮುದುಕಿ ಮೆಟ್ಟಿಲು ಹತ್ತುವ ಹಾಗೆ ಹತ್ತಿತು. ಮುಕ್ತಿನಾಥದ ಕೆಳಗಿನ ರಾಣಿಪೌವಾ ಊರಿನಲ್ಲಿ ಗಾಡಿಗಳು ನಿಲ್ಲುವ ಬಯಲು ಬಂತು. ಅಣ್ಣ ಸ್ಟ್ಯಾಂಡ್ ಹಾಕಿ ಇಳಿದ. "ನೋಡಿದ್ಯಾ?" ಎಂದ. ನೋಡಿದೆ, ಸಾಕ್ಷಿ ನಾನೇ ಅಲ್ಲವೇ ಎಂದೆ. ಇಬ್ಬರೂ ನಕ್ಕೆವು. ಆ ಕ್ಷಣದಲ್ಲಿ ನನಗೆ ಅಣ್ಣನ ಮೇಲೆ ಬಹಳ ಪ್ರೀತಿ ಬಂತು.

ದೇವಸ್ಥಾನಕ್ಕೆ ಅಲ್ಲಿಂದ ನಡೆದು ಹತ್ತಬೇಕು. ಅಣ್ಣ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಗುಡಿಯ ಹಿಂದೆ ಸಾಲಾಗಿ ನೂರೆಂಟು ಧಾರೆಗಳು, ಮಂಜು ಕರಗಿದ ನೀರು. ಜನ ಕಿರುಚುತ್ತ ಅದರ ಕೆಳಗೆ ಓಡುತ್ತಿದ್ದರು. ಅಣ್ಣ ತಲೆಗೆ ಒಂದಿಷ್ಟು ಚಿಮುಕಿಸಿಕೊಂಡು ಕೈಮುಗಿದ. ಹಿಂದಕ್ಕೆ ಇಳಿಯುವಾಗ ಕುಡಿದವರ ಹಾಗೆ ಹೆಜ್ಜೆ ತಪ್ಪಿದ. ಗಾಡಿಗಳ ಬಯಲಿಗೆ ಬರುವಷ್ಟರಲ್ಲಿ ಬದಿಗೆ ಕೂತು ವಾಂತಿ ಮಾಡಿಕೊಂಡ.

"ತಲೆನೋವಾ? ಯಾವಾಗಿಂದ?"

"ನೆನ್ನೆಯಿಂದ. ಏಳಿದ್ರೆ ನೀನು ಹತ್ತಕ್ಕೆ ಬಿಡ್ತಿದ್ಯಾ?"

ಎಲ್ಲಿಲ್ಲದ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯ ಬಂತು. ಬೆಳಗ್ಗೆ ಟ್ಯಾಂಕಿನ ಮೇಲೆ ಹಣೆ ಇಟ್ಟದ್ದು ಯಾಕೆಂದು ಈಗ ತಿಳಿಯಿತು. ಕೆಂಪಿಯ ಉಬ್ಬಸ ಹುಡುಕಿದವಳು ಅಣ್ಣನ ಉಬ್ಬಸ ನೋಡಲಿಲ್ಲ. ದೀದಿ ಹೇಳಿದ್ದು ನೆನಪಿತ್ತು: ಇಳಿದುಬಿಡಿ. ಆದರೆ ಇವನು ಬೈಕ್ ಓಡಿಸುವ ಸ್ಥಿತಿಯಲ್ಲಿರಲಿಲ್ಲ, ನನ್ನ ಹಿಂದೆ ಗಟ್ಟಿಯಾಗಿ ಹಿಡಿದು ಕೂರುವ ಸ್ಥಿತಿಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಸಿಲಿಂಡರ್ ಇಳಿಸಿ ಮುಗಿಸಿದ್ದ ಪ್ರೇಮ್ ನಮ್ಮನ್ನು ನೋಡಿ ಓಡಿ ಬಂದ. ಅಣ್ಣನ ಮುಖ ನೋಡಿ, "ಈಗಲೇ ಇಳೀಬೇಕು ಸಾರ್. ಒಂದು ನಿಮಿಷ ಕೂಡ ಬೇಡ," ಎಂದು ಪಿಕಪ್ಪಿನ ಹಿಂದಿನ ಬಾಗಿಲು ತೆರೆಯಲು ಹೋದ. "ಗಾಡಿ ಇಲ್ಲಿ ಹಾಕೋಣ, ನೀವಿಬ್ರೂ ಮುಂದೆ ಕೂತ್ಕೊಳ್ಳಿ."

ಅಣ್ಣ ಕಲ್ಲಿನ ಮೇಲೆ ಕೂತಲ್ಲೇ ತಲೆ ಅಲ್ಲಾಡಿಸಿದ. "ಗಾಡಿ ಬ್ಯಾಡ. ಇಷ್ಟು ದೂರ ಹತ್ತೈತೆ. ಇಳಿಯೋವಾಗ ಸೋಲಿಸ್ಬ್ಯಾಡ ಕಣಮ್ಮಿ." ಮೂಗಿನ ತುದಿಯಿಂದ ಕಣ್ಣೀರು ಇಳಿಯುತ್ತಿತ್ತು. ತಲೆನೋವಿಗೋ ಕೆಂಪಿಗೋ, ಕೇಳುವ ಹೊತ್ತು ಅದಲ್ಲ.

"ಅತ್ತಿಗೆ ಏನಂದ್ರು? ಗಾಡಿ ಟೆಂಪೋ ಹತ್ತಬಾರದು ಅಂದ್ರು. ನೀನು ಹತ್ತಬಾರದು ಅಂದ್ರಾ?" ಎಂದು ಕೈ ಚಾಚಿದೆ. "ಕೊಡು ಕೀ."

ಅವನು ನನ್ನ ಕೈಯನ್ನು ನೋಡಿದ. ಕೆರೆಯಂಗಳದ ಆ ದಿನದ ನಂತರ ಅವನು ಆ ಕೀಲಿಯನ್ನು ನನಗೆ ಕೊಟ್ಟದ್ದು ಆಗಲೇ. ಪ್ರೇಮ್ ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, "ಬೆಲ್ಟ್ ಹಾಕ್ಕೊಳ್ಳಿ ಸಾರ್, ಬೆಂಗಳೂರು ಥರ ಫೈನ್ ಇಲ್ಲ, ಆದ್ರೂ ಹಾಕ್ಕೊಳ್ಳಿ," ಎಂದು ಹೊರಟ.

ಇಳಿಜಾರು

ಮೊದಲ ತಿರುವು ಬಂತು. ಬಲಗಾಲು ಬ್ರೇಕ್ ಒತ್ತಿದ್ದು ಹೆಚ್ಚಾಗಿ ಹಿಂದಿನ ಚಕ್ರ ಜಾರಿತು. ಸ್ಕೂಟ್ರೋಳು ಎಂದು ನನಗೆ ನಾನೇ ಬೈದುಕೊಂಡೆ. ಎರಡನೇ ಗೇರಿನಲ್ಲೇ ಬಿಟ್ಟೆ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತು. ಅಣ್ಣ ಕೆರೆಯಂಗಳದಲ್ಲಿ ಹೇಳಿದ್ದ ಮಾತು ಕಿವಿಯಲ್ಲಿತ್ತು: ದೂರ ನೋಡು, ಚಕ್ರ ನೋಡಬೇಡ. ದೂರ ನೋಡಿದರೆ ಹಿಮದ ಶಿಖರ, ಕೆಳಗೆ ಬೂದಿ ಬಣ್ಣದ ನದಿ. ಪ್ರವಾಸದಲ್ಲಿ ನಾನು ಏನನ್ನಾದರೂ ಸರಿಯಾಗಿ ನೋಡಿದ್ದರೆ ಅದು ಆಗಲೇ, ಹೆದರಿಕೆಯಲ್ಲಿ. ಪ್ರತಿ ತಿರುವಿನಲ್ಲೂ ಕೂಗಿದೆ. ಈಗ ಕೂಗು ಎದುರಿನ ಗಾಡಿಗಿಂತ ಹೆಚ್ಚಾಗಿ ನನ್ನ ಧೈರ್ಯಕ್ಕೇ ಇತ್ತು.

ಕಾಗಬೇನಿಯಲ್ಲಿ ಅಣ್ಣ ದೀದಿಯ ಅಂಗಳದಲ್ಲಿ ಕಂಬಳಿ ಹೊದ್ದು ಬಿಸಿನೀರು ಹಿಡಿದು ಕೂತಿದ್ದ. ಇಳಿದಂತೆ ತಲೆನೋವೂ ಇಳಿದಿತ್ತು. ಪ್ರೇಮ್ ಆಮೇಲೆ ಹೇಳಿದ: ಅಣ್ಣ ದಾರಿಯುದ್ದಕ್ಕೂ ಕಿಟಕಿ ಇಳಿಸಿ ಕಿವಿ ಹೊರಗಿಟ್ಟುಕೊಂಡು, ಮೇಲಿನ ತಿರುವಿನಿಂದ ನನ್ನ ಕೂಗು ಕೇಳಿದಾಗಲೆಲ್ಲ "ಬಂದ್ಲು, ಬಂದ್ಲು" ಅನ್ನುತ್ತಿದ್ದನಂತೆ.

ಸಂಜೆ ಇಂಟರ್ನೆಟ್ ಎದ್ದಿತು. ಅತ್ತಿಗೆಗೆ ವೀಡಿಯೋ ಕರೆ ಮಾಡಿದೆವು. ಮೊದಲ ಪ್ರಶ್ನೆಯೇ ಅದು.

"ಗಾಡಿ ಟೆಂಪೋ ಹತ್ತಿತಾ?"

"ಹತ್ತಲಿಲ್ಲ," ಎಂದೆ.

"ಮತ್ಯಾಕೆ ಇವ್ರು ಕಂಬಳಿ ಹೊದ್ಕೊಂಡು ಬೆಕ್ಕಿನ ಮರಿ ಥರ ಕೂತವ್ರೆ?"

ಅಣ್ಣ ಲೋಟ ನೋಡಿದ. "ನಾನ್ ಹತ್ತಿದೆ ಕಣೇ," ಎಂದ.

ಅತ್ತಿಗೆ ಮೊದಲು ಬೈದರು, ಆಮೇಲೆ ಸೆರಗು ಕಣ್ಣಿಗೆ ಹಿಡಿದುಕೊಂಡರು. ಮೂಗು ಒರೆಸಿಕೊಂಡ ಮೇಲೆ ತೀರ್ಪು ಕೊಟ್ಟರು. "ಮಾತು ಅಂದ್ರೆ ಮಾತು. ಗಾಡಿ ಹತ್ತಿಲ್ಲ, ಮೂಲೆ ಅದಕ್ಕೇ. ಹುಡುಗೀರ ಸ್ಕೂಟ್ರಿಗೆ ಬೇರೆ ಜಾಗ ನೋಡ್ತೀನಿ. ಆದ್ರೆ ಟೆಂಪೋ ಹತ್ತಿದೋರ ಕೈಗೆ ಕೀ ಇಲ್ಲ. ಕೀ ಪದ್ದಮ್ಮನ ಹತ್ರ ಇರ್ಲಿ."

ಪೀಣ್ಯ

ಉಳಿದ ಬೆಟ್ಟವನ್ನೂ ನಾನೇ ಓಡಿಸಿ ಇಳಿಸಿದೆ, ಅಣ್ಣ ಹಿಂದೆ ಕೂತ. ತಾಮ್ರದ ಎಳೆಯನ್ನು ತಾತೋಪಾನಿಯಲ್ಲೇ ತೆಗೆದೆವು, ಕೆಳಗಿನ ದಪ್ಪ ಗಾಳಿಗೆ ಕೆಂಪಿ ಮತ್ತೆ ಹೊಟ್ಟೆ ತುಂಬ ಕುಡಿಯಿತು. ಈಗ ಅದು ಮೆಟ್ಟಿಲ ಕೆಳಗೆ ಇದೆ. ಕೀಲಿ ನನ್ನ ವರ್ಕ್‌ಶಾಪಿನಲ್ಲಿ, ಡ್ರಿಲ್ ಬಿಟ್‌ಗಳ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ನನ್ನ ಆ ಎರಡು ದೊಡ್ಡ ತೂತಿನ ಜೆಟ್‌ಗಳನ್ನು ಅಣ್ಣ ಎಸೆಯಲು ಬಿಡಲಿಲ್ಲ, ಕೀಲಿಯ ಗೊಂಚಲಿಗೆ ಸೇರಿಸಿದ್ದಾನೆ.

ಭಾನುವಾರ ಕೀಲಿ ತೆಗೆದುಕೊಂಡು ಮಾಕಳಿಗೆ ಹೋಗುತ್ತೇನೆ. ಅಣ್ಣ ಕೆಂಪಿಯನ್ನು ಒರೆಸಿ, ಹೆಲ್ಮೆಟ್ ಹಾಕಿಕೊಂಡು ಗೇಟಿನ ಬಳಿ ಕಾಯುತ್ತಿರುತ್ತಾನೆ. ನಾನು ಮುಂದೆ, ಅವನು ಹಿಂದೆ. ತಟ್ಟೆ ಇಡ್ಲಿ ತಿನ್ನಲು ನೆಲಮಂಗಲದ ಕಡೆ ಹೋಗುತ್ತೇವೆ. ಹಾರ್ನಿಗೆ ಹೊಸ ವೈರು ನಾನೇ ಹಾಕಿದ್ದೇನೆ, ಸದ್ದು ಜೋರಾಗಿದೆ. ಆದರೂ ಊರ ತಿರುವು ಬರುತ್ತಿದ್ದ ಹಾಗೆ, ನಾನು ಗುಂಡಿ ಒತ್ತುವ ಮೊದಲೇ, ಬೆನ್ನ ಹಿಂದಿನಿಂದ ಅಣ್ಣ "ಹೋಯ್!" ಎಂದು ಕೂಗುತ್ತಾನೆ.